ಗೂಡು ಹುಡುಕುವ ಹಾಡು

ಈ ಹಳ್ಳಿಗೆ ಬಂದ ಮೊದಲ ವಾರ, ಒಂದು ಬೆಳಿಗ್ಗೆ, ಮನೆಯೊಳಗೆ ಮಳೆ ಸುರಿಯುವ ಸದ್ದು ಕೇಳಿಸಿತು. ಅಂಗಳಕ್ಕೆ ಓಡಿ ಹಗ್ಗದ ಮೇಲಿದ್ದ ದೋತರ ಎಳೆದುಕೊಂಡೆ. ಮೇಲೆ ನೋಡಿದರೆ ಒಂದು ಮೋಡವೂ ಇಲ್ಲ. ಮನೆಯೊಡತಿ ನಾರಾಯಣಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದವರು ನಕ್ಕುಬಿಟ್ಟರು.

"ಯಾಕ್ ತಾತ, ಹಸಿ ಪಂಚೆ ಎತ್ಕೊಂಡು ಓಡ್ತಿದೀರ?"

"ಮಳಿ ಬಂತಲ್ರೀ."

"ಈ ಸೀಮೆಗೆ ಮಳೆ ಕೇಳ್ಕೊಂಡು ಬಂದ್ರಾ! ಹುಳ ಸೊಪ್ಪು ತಿಂತಾವೆ ಅಷ್ಟೇ. ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿ."

ಒಳಗಿನ ಕೋಣೆಯಲ್ಲಿ ಅಟ್ಟಣಿಗೆಯ ಮೇಲೆ ಅಟ್ಟಣಿಗೆ, ಎಲ್ಲದರ ಮೇಲೂ ಬಿಳಿ ರೇಷ್ಮೆ ಹುಳುಗಳು. ಹೊಸ ಸೊಪ್ಪು ಹಾಕಿದರೆ ಸದ್ದು ಏರುತ್ತಿತ್ತು, ಸೊಪ್ಪು ತೀರುತ್ತ ಬಂದಂತೆ ಇಳಿಯುತ್ತಿತ್ತು. ಎಪ್ಪತ್ತು ದಾಟಿದ ಮೇಲೆ ಇಂಥದ್ದೊಂದನ್ನು ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ.

ನಾನು ನವಲಗುಂದದ ಕಡೆಯವನು. ಓದಿದ್ದು ಎಸ್ಸೆಸ್ಸೆಲ್ಸಿ. ಊರಿನ ಭಜನಾ ಮೇಳದಲ್ಲಿ ಹಾರ್ಮೋನಿಯಂ ಪೇಟಿ ಬಾರಿಸಿ, ಹಾಡಿ ವಯಸ್ಸು ಕಳೆದವನು. ಹೆಂಡತಿ ತೀರಿಕೊಂಡ ಮೇಲೆ ಮಗಳು ಶೋಭಾ ಇಲ್ಲಿಗೆ ಕರೆತಂದಳು. ಚಿಂತಾಮಣಿ ತಾಲ್ಲೂಕಿನಲ್ಲಿ, ಕೆಂಚಾರ್ಲಹಳ್ಳಿಗೆ ಹತ್ತಿರದ ಈ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಅವಳು ಶಿಕ್ಷಕಿ. ನಮ್ಮ ಕಡೆ ಎರಡು ಹೊತ್ತೂ ಜೋಳದ ರೊಟ್ಟಿ. ಇಲ್ಲಿ ಮುದ್ದೆ, ಅದನ್ನು ಅಗಿಯದೆ ನುಂಗಬೇಕು. ನಾನು ಅಗಿಯುವುದನ್ನು ಕಂಡು ನಾರಾಯಣಮ್ಮನ ಮೊಮ್ಮಕ್ಕಳು ಗೋಡೆಯತ್ತ ತಿರುಗಿ ನಗುತ್ತಿದ್ದವು. ಅಂಗಡಿಯಲ್ಲಿ ಸಕ್ಕರೆ ಕೇಳಿದರೆ ಕನ್ನಡದಲ್ಲಿ ಉತ್ತರ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಅಲ್ಲಿ ಎಲ್ಲರಿಗೂ ಅಜ್ಜನಾಗಿದ್ದವನು ಇಲ್ಲಿ ತಾತನಾದೆ. ಯಾರೂ ಕೆಟ್ಟವರಲ್ಲ, ಆದರೆ ನನ್ನನ್ನು ಹುಡುಕಿಕೊಂಡು ಬರುವ ಕೆಲಸ ಯಾರಿಗೂ ಇರಲಿಲ್ಲ.

"ಸುಮ್ನ ಕೂತು ಏನ ಮಾಡ್ತಿ ಅಪ್ಪಾ, ಹುಡುಗ್ರಿಗೆ ಹಾಡು ಕಲಸು ಬಾ" ಎಂದಳು ಶೋಭಾ.

ಹೋದೆ. ಇಲ್ಲಿನ ಮಕ್ಕಳು ಎಲ್ಲ ಹಾಡನ್ನೂ ಒಂದೇ ಎತ್ತರದಲ್ಲಿ ಕಿರುಚುತ್ತಿದ್ದರು. ನಿಜ ಹೇಳಬೇಕೆಂದರೆ ನಮ್ಮ ಮೇಳವೂ ಹಾಗೆಯೇ. ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಮಾತಿನಲ್ಲಿ ಹೇಳಿದರೆ ಒಂದು ಮಗುವೂ ಕೇಳಲಿಲ್ಲ. ಆಗ ಹುಳುಮನೆಯ ಸದ್ದು ನೆನಪಾಯಿತು. "ಸೊಪ್ಪು ಹಾಕಿದಾಗ ಹುಳ ಹೆಂಗ ತಿಂತಾವು?" ಎಂದೆ. ಇಡೀ ತರಗತಿ ಬೆರಳ ತುದಿಯಿಂದ ಬೆಂಚು ತಟ್ಟಿತು. "ಸೊಪ್ಪು ಮುಗೀತು" ಎಂದರೆ ಸದ್ದು ತಾನಾಗಿ ಇಳಿಯಿತು. ಅದನ್ನೇ ಹಾಡಿಗೆ ತಂದೆ.

ಆಮೇಲೆ ಒಂದು ಆಟ ಕಟ್ಟಿದೆ. ಒಂದು ಮಗು ಹೊರಗೆ ಹೋಗಬೇಕು. ಒಳಗೆ ಒಂದು ರೇಷ್ಮೆಗೂಡು ಬಚ್ಚಿಡಬೇಕು. ಹುಡುಕುವ ಮಗು ಗೂಡಿನ ಹತ್ತಿರ ಬಂದರೆ ಉಳಿದವರ ಹಾಡು ಏರಬೇಕು, ದೂರ ಸರಿದರೆ ಇಳಿಯಬೇಕು. ಬೇರೆ ಸುಳಿವು ಕೊಡುವಂತಿಲ್ಲ. ಎಲ್ಲರಿಗಿಂತ ಸೂಕ್ಷ್ಮ ಕಿವಿ ನಾಲ್ಕನೇ ತರಗತಿಯ ನಗ್ಮಾಳದು. ಅವಳ ತಂದೆ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಸಾಗಿಸುವ ಟೆಂಪೊ ಓಡಿಸುತ್ತಾರೆ. ಅವಳು ಕಣ್ಣು ಅರ್ಧ ಮುಚ್ಚಿ, ಹಾಡು ಕರೆದ ಕಡೆಗೆ ನಡೆಯುತ್ತಿದ್ದಳು.

ಪೋಷಕರ ಸಭೆಯ ದಿನ ಈ ಆಟವನ್ನು ತೋರಿಸುವುದೆಂದಾಯಿತು. ಹಿಂದಿನ ದಿನ ಹಾಲಿನ ಡೈರಿಯ ಬಳಿ ಒಬ್ಬರು, "ಏನ್ ತಾತ, ಪಾಠ ಬಿಡ್ಸಿ ಕಣ್ಣಾಮುಚ್ಚಾಲೆ ಆಡಿಸ್ತೀರಂತೆ?" ಎಂದಿದ್ದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಕೂತಿತು. ಎಲ್ಲರ ಮುಂದೆ ಆಟ ಕೆಟ್ಟರೆ ಈ ಊರಿನಲ್ಲಿ ನನಗೆ ಉಳಿಯುವುದು ಜಗುಲಿಯೊಂದೇ ಎನಿಸಿತು.

ನಗ್ಮಾ ಹೊರಗೆ ಹೋದಳು. ನಾನೇ ಗೂಡನ್ನು ಕಿಟಕಿಯ ಮೇಲೆ, ಸೀಮೆಸುಣ್ಣದ ಡಬ್ಬಿಯ ಹಿಂದೆ ಇಟ್ಟೆ. ಅವಳನ್ನು ಕರೆಯುವ ನೆಪದಲ್ಲಿ ಹೊರಗೆ ಹೋಗಿ ಕಿವಿಯಲ್ಲಿ ಹೇಳಿದೆ: "ಕಿಟಕಿ, ಡಬ್ಬಿ ಹಿಂದ. ಯಾರಿಗೂ ಹೇಳಬ್ಯಾಡ."

ಅವಳು, "ಬೇಡ ತಾತ, ಹಾಡು ಕೇಳಿ ಹುಡುಕ್ತೀನಿ" ಎಂದಳು.

"ಹೇಳಿದಷ್ಟು ಮಾಡವಾ" ಎಂದೆ.

ಅವಳು ಒಳಗೆ ಬಂದು ನೇರ ಕಿಟಕಿಯ ಕಡೆ ನಡೆದಳು. ಹಾಡು ಏರಲಿಲ್ಲ, ಇಳಿಯಿತು. ಅವಳು ನಿಂತು ನನ್ನ ಮುಖ ನೋಡಿದಳು. ಮಕ್ಕಳು ಹೆದರಿ ತಪ್ಪುತ್ತಿದ್ದಾರೆಂದು ನಾನು ತಿಳಿದೆ. ಕಣ್ಣಿನಲ್ಲೇ ಕಿಟಕಿ ತೋರಿಸಿದೆ. ಅವಳು ಡಬ್ಬಿ ಎತ್ತಿದಳು. ಹಾಡು ಪಿಸುಮಾತಾಯಿತು.

"ಜೋರಾಗಿ ಹಾಡ್ರೋ!" ಎಂದು ಗದರಿದೆ.

"ಅಲ್ಲಿಲ್ಲ ತಾತ!" ಎಂದು ಕೂಗಿದವನು ನಾರಾಯಣಮ್ಮನ ಮೊಮ್ಮಗ ಮುನಿರಾಜು. "ಕಿಟಕೀಲಿ ಬಿಸಿಲು ಬೀಳುತ್ತೆ. ಗೂಡು ಬಿಸಿಲಿಗೆ ಇಡ್ತಾರಾ ಯಾರಾದ್ರೂ? ಒಳಗಿರೋ ಹುಳ ಬೆಂದೋಗುತ್ತೆ. ನಾನು ತೆಗ್ದು ಮೇಜಿನ ಕೆಳಗೆ ಇಟ್ಟೆ."

ನಾನು ಹೊರಗಿದ್ದಾಗ ನಡೆದ ಕೆಲಸ. ಈ ಊರಿನ ಯಾವ ಮಗುವೂ ಹಾಗೆಯೇ ಮಾಡುತ್ತಿತ್ತು. ಜೋಳದ ಸೀಮೆಯ ನನಗೆ ಅದು ಹೊಳೆಯಲಿಲ್ಲ.

ಹಿಂದಿನ ಸಾಲಿನಿಂದ ಇನ್ನೊಬ್ಬ ಹುಡುಗ, "ಹಂಗಾದ್ರೆ ಇವ್ಳು ಸೀದಾ ಕಿಟಕೀಗೆ ಯಾಕೆ ಹೋದ್ಳು? ಇಣುಕಿ ನೋಡಿದಾಳೆ! ಕಳ್ಳಾಟ!" ಎಂದ. ಮಕ್ಕಳೆಲ್ಲ "ಕಳ್ಳಾಟ, ಕಳ್ಳಾಟ" ಎಂದರು. ದೊಡ್ಡವರು ನಕ್ಕರು. ನಗ್ಮಾಳ ತಾಯಿ ಎದ್ದು ನಿಂತರು. "ಕ್ಯಾ ಗೇ, ಝಾಂಕ್ ಕೇ ದೇಖೀ ಕ್ಯಾ?" ಇಣುಕಿ ನೋಡಿದೆಯಾ ಎಂದು ಉರ್ದುವಿನಲ್ಲಿ ಕೇಳಿದ್ದು.

ನಗ್ಮಾ ನನ್ನ ಕಡೆ ನೋಡಿದಳು. ನಾನು ಮುಂದಿದ್ದ ಪೇಟಿಯ ತಿದಿ ಸರಿಮಾಡುವವನಂತೆ ತಲೆ ತಗ್ಗಿಸಿದೆ. "ಹ್ಞಾಂ ಅಮ್ಮೀ" ಎಂದಳು ಅವಳು. ನಾನು ಸುಮ್ಮನಿದ್ದೆ. ನಾನು ಹೇಳಿಕೊಳ್ಳಬೇಕಾಗಿರುವುದು ಇದನ್ನೇ.

ಮಾರನೆಯ ದಿನದಿಂದ ಅವಳು ಹಾಡಿನ ಹೊತ್ತಿಗೆ ತುಟಿ ಮಾತ್ರ ಆಡಿಸಿದಳು. ಹೀಗೇ ವಾರ ಕಳೆಯಿತು. ಕೊನೆಗೆ ನಾನು ನಗ್ಮಾಳ ಮನೆಗೆ ಹೋಗಿ ತಾಯಿಗೆ ಎಲ್ಲವನ್ನೂ ಹೇಳಿದೆ. ಅವರು ಚಹಾ ಕೊಟ್ಟು, "ಹೋಗ್ಲಿ ಬಿಡಿ ಚಾಚಾ, ನೀವು ದೊಡ್ಡೋರು" ಎಂದರು.

ಬಾಗಿಲ ಹಿಂದಿನಿಂದ ನಗ್ಮಾ ಅಂದಳು: "ಅಮ್ಮೀಗೆ ಹೇಳಿದ್ರೆ ಏನ್ ಬಂತು? ಕಳ್ಳಿ ಅಂದಿದ್ದು ಕ್ಲಾಸಲ್ಲಿ."

ಮರುದಿನ ತರಗತಿಯಲ್ಲಿ ಹೇಳಿದೆ. ಮಕ್ಕಳು ಬಾಯಿ ಬಿಟ್ಟು ಕೇಳಿದರು. ಮುನಿರಾಜು, "ಹಂಗಾದ್ರೆ ತಾತಂದೇ ಕಳ್ಳಾಟ! ಔಟು! ಈ ಸಲ ತಾತನೇ ಹುಡುಕ್ಬೇಕು" ಎಂದು ತೀರ್ಪು ಕೊಟ್ಟ.

ನನ್ನನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಕರೆದಾಗ ಒಳಗೆ ಹೋದೆ. ಮೇಜಿನ ಕಡೆ ಹೋದರೆ ಹಾಡು ಇಳಿಯಿತು. ಬೀರುವಿನ ಕಡೆ, ಇನ್ನೂ ಇಳಿಯಿತು. ಎರಡನೇ ಬೆಂಚಿನತ್ತ ತಿರುಗಿದೆ, ತುಸು ಏರಿತು. ಇನ್ನೊಂದು ಹೆಜ್ಜೆ ಇಟ್ಟಾಗ ಎಲ್ಲ ದನಿಗಳ ಮೇಲೆ ಒಂದು ದನಿ ಎದ್ದಿತು. ನಗ್ಮಾ ಮುಷ್ಟಿ ಬಿಗಿಹಿಡಿದು, ಕತ್ತಿನ ನರ ಕಾಣುವಂತೆ ಹಾಡುತ್ತಿದ್ದಳು. ನಾನು ಕೈಯೊಡ್ಡಿದೆ. ಅವಳು ಮುಷ್ಟಿ ಬಿಡಲಿಲ್ಲ.

"ಇಲ್ಲೈತೆ ಅಂತ ಯಾರ್ ಹೇಳ್ಕೊಟ್ರು ನಿಮ್ಗೆ?"

"ಹಾಡು ಹೇಳಿತವಾ" ಎಂದೆ.

ಅವಳು ಮುಷ್ಟಿ ಬಿಚ್ಚಿ ಗೂಡನ್ನು ನನ್ನ ಅಂಗೈಗೆ ಹಾಕಿದಳು.

ಈ ಶ್ರಾವಣಕ್ಕೆ ನಮ್ಮ ಊರಿಗೆ ಹೋಗಿದ್ದೆ. ಅದೇ ಗುಡಿ, ಅದೇ ಮೇಳ. ಎರಡನೇ ಭಜನಾ ಪದಕ್ಕೆ, "ಇಲ್ಲಿ ದನಿ ಇಳಸೋಣ" ಎಂದೆ. ಗೆಳೆಯ ಬಸಪ್ಪ ತಾಳ ನಿಲ್ಲಿಸಿ, "ಯಾಕೋ, ದನಿ ಅಲ್ಲೇ ಬಿಟ್ಟು ಬಂದೀ ಏನ?" ಎಂದ. ಎಲ್ಲರೂ ನಕ್ಕು ಮತ್ತೆ ಏರುದನಿಯಲ್ಲೇ ಎತ್ತಿಕೊಂಡರು. ನಾನೂ ಕೂಡಿಕೊಂಡೆ. ಪದ ಮುಗಿದಾಗ ಗಂಟಲು ನೋಯುತ್ತಿತ್ತು. ಚಿಂತಾಮಣಿ ಕಡೆಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಪಕ್ಕದವನನ್ನು ಕೇಳಿದೆ. ಕೇಳಿದ್ದು ಮೆಲ್ಲಗೆ, ಅವನಿಗೆ ಕೇಳಿಸಲಿಲ್ಲ.