ಬ್ರೇಕಿನೊಳಗಿನ ಗಾಳಿ

ಆಗ ರಾಜಾಜಿನಗರದಲ್ಲಿ ಮನೆಗಳಿಗಿಂತ ಮರಳಿನ ಗುಡ್ಡೆಗಳೇ ಹೆಚ್ಚು. ನಮ್ಮ ಯಜಮಾನರ ಜೀವ ಉಳಿಸಿದ್ದೂ ಅವೇ. ಹಿಂದಿನ ದಿನ ಬಾಡಿಗೆ ಮುಗಿಸಿ ಬರುವಾಗ ಇಳಿಜಾರಿನಲ್ಲಿ ಟ್ಯಾಕ್ಸಿಯ ಬ್ರೇಕ್ ಹಿಡಿಯಲಿಲ್ಲ. ಗುಡ್ಡೆಗೆ ಗುದ್ದಿ ನಿಲ್ಲಿಸಿದರಂತೆ. ಅದೇ ಕಾರಿನಲ್ಲಿ ಮರುದಿನ ಬೆಳಗ್ಗೆ ನಾನು, ಅತ್ತೆ, ನನ್ನ ಇಬ್ಬರು ಮಕ್ಕಳು ಕೆಂಗೇರಿಗೆ ಹೋಗಬೇಕಿತ್ತು. ಅತ್ತೆಯ ತಮ್ಮನ ಮಗಳ ಮದುವೆ.

ಸೋರುತ್ತಿದ್ದ ಬ್ರೇಕ್ ಎಣ್ಣೆಯ ಕೊಳವೆಯನ್ನು ಯಜಮಾನರು ಬದಲಾಯಿಸಿದ್ದರು. ಒಳಗೆ ಸೇರಿಕೊಂಡ ಗಾಳಿ ತೆಗೆಯುವುದು ಬಾಕಿ, ಗಾಳಿ ಉಳಿದರೆ ಬ್ರೇಕ್ ಹಿಡಿಯುವುದಿಲ್ಲ. ಅದಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದಿನ ತಿರುಪು ಸಡಿಲಿಸಬೇಕು. ತಿರುಪು ಬಿಗಿಯುವ ಮುಂಚೆ ಕಾಲು ತೆಗೆದರೆ ಹೋದ ಗಾಳಿ ಮತ್ತೆ ಒಳಗೆ. ಸೀರೆ ಎತ್ತಿ ಕಟ್ಟಿ ನಾನು ಕೂತೆ. ಬೀದಿಯವರು ನೋಡಿದರು. ನೋಡಲಿ.

"ಒತ್ತೇ!"

"ಒತ್ತಿದೀನಿ."

"ಹಿಡ್ಕೋ... ಹಿಡ್ಕೋ... ಹಾಂ, ಬಿಡು."

ತಿರುಪಿಗೆ ಸಿಕ್ಕಿಸಿದ ರಬ್ಬರ್ ಟ್ಯೂಬಿನಿಂದ ಎಣ್ಣೆ ನೊರೆನೊರೆಯಾಗಿ ಸೀಸೆಗೆ ಬೀಳುತ್ತಿತ್ತು. ಪೆಡಲಿಗೆ ದೂರದ ಚಕ್ರ ಮೊದಲು. ನೊರೆ ನಿಂತ ಮೇಲೆ ಮುಂದಿನದು. ಪೆಡಲ್ ಗಟ್ಟಿಯಾಗುತ್ತಾ ಬಂತು. ಕೊನೆಯ ಚಕ್ರಕ್ಕೆ ಬರುವಷ್ಟರಲ್ಲಿ ಮೇಲಿಂದ ತುಂಬುತ್ತಿದ್ದ ಡಬ್ಬಿಯ ಎಣ್ಣೆ ಮುಗಿಯಿತು.

ಅತ್ತೆ ಸೀಸೆ ಎತ್ತಿಕೊಂಡು ಒಳಗೆ ಹೋದರು. ಹಬ್ಬದಲ್ಲಿ ಕರಿದ ಎಣ್ಣೆ ಸೋಸುವ ಬಟ್ಟೆಯಲ್ಲೇ ಅದನ್ನೂ ಸೋಸಿ ತಂದರು.

"ಚೆಲ್ಲೋದ್ಯಾಕೋ? ಚೆನ್ನಾಗೇ ಇದೆ, ಸುರಿ. ಧಾರೆ ಹೊತ್ತಿಗೆ ಅಲ್ಲಿರ್ಬೇಕು ನಾನು."

"ಅದ್ರಲ್ಲಿ ಇನ್ನೂ ಗುಳ್ಳೆ ಇದೆ," ಅಂದೆ.

"ನಿನ್ನ ಯಾರಾದ್ರೂ ಕೇಳಿದ್ರಾ? ಯಾವಾಗ ಮೆಕ್ಯಾನಿಕ್ ಆದೆ ನೀನು?" ಅಂದರು ಅತ್ತೆ.

ಯಜಮಾನರು ಸುರಿದೇಬಿಟ್ಟರು. ಅಮ್ಮನಿಗೆ ಇಲ್ಲ ಅನ್ನುವ ಗಂಡಸಲ್ಲ.

ಕೊನೆಯ ಚಕ್ರವೂ ಆಯಿತು. "ಮುಗೀತು, ಇಳಿ," ಅಂದರು. ನಾನು ಇನ್ನೊಮ್ಮೆ ಒತ್ತಿದೆ. ಪೆಡಲ್ ಕಲಸಿದ ಹಿಟ್ಟಿನ ಹಾಗೆ ಕುಸಿಯಿತು.

"ಇಳಿಯಲ್ಲ. ಮೆತ್ತಗಿದೆ."

"ಮೊದ್ಲು ಹಂಗೇ ಕಣೇ. ಓಡ್ತಾ ಓಡ್ತಾ ಸರಿಹೋಗುತ್ತೆ."

"ಓಡೋದು ಓಡುತ್ತೆ, ನಿಲ್ಲೋದು ಹೆಂಗೆ? ಮೈಸೂರು ರಸ್ತೇಲೂ ಮರಳು ಗುಡ್ಡೆ ಹಾಕ್ಸಿದೀರಾ?"

ಅಷ್ಟರಲ್ಲಿ ಅತ್ತೆ ಹಿಂದಿನ ಬಾಗಿಲು ತೆಗೆದು ಮಕ್ಕಳನ್ನು ಹತ್ತಿಸಿದ್ದರು. ನಾನು ಸ್ಟೇರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ.

"ಮಕ್ಕಳನ್ನ ಇಳಿಸಿ. ಅಲ್ಲೀವರೆಗೂ ಈ ಸೀಟು ಬಿಡಲ್ಲ."

ಯಜಮಾನರ ಕೈ ಮೇಲೆದ್ದಿತು. ಬೀದಿಯವರು ನೋಡುತ್ತಿದ್ದಾರೆ ಅಂತ ಇಳಿಯಿತೋ ಏನೋ.

"ಹೊಡೆಯೋದು ಆಮೇಲೆ. ನೀವೇ ಒತ್ತಿ ನೋಡಿ," ಅಂದೆ.

ಹೊರಗೆ ನಿಂತೇ ಬಗ್ಗಿ, ಒಳಗೆ ಕೈ ಹಾಕಿ, ಅಂಗೈಯಿಂದ ಒತ್ತಿದರು. ಪೆಡಲ್ ಕೆಳಗಿನ ಹಲಗೆ ಮುಟ್ಟಿತು. ತಾವೇ ಹೋಗಿ ಮಕ್ಕಳನ್ನು ಇಳಿಸಿದರು.

ಸೈಕಲ್ ಹತ್ತಿ ಹೋಗಿ ಹೊಸ ಡಬ್ಬಿ ತಂದರು. ನಾಲ್ಕೂ ಚಕ್ರ ಮೊದಲಿಂದ. ಅತ್ತೆ ಜಗಲಿ ಮೇಲೆ ಕೂತು ನನ್ನ ತವರಿನವರನ್ನೆಲ್ಲ ಬೈದರು. ಪೆಡಲ್ ಕಲ್ಲಿನ ಹಾಗೆ ನಿಂತ ಮೇಲೆ ನಾನು ಇಳಿದೆ. ಯಜಮಾನರು ಬೀದಿ ತುದಿವರೆಗೂ ಓಡಿಸಿ, ನಿಲ್ಲಿಸಿ ತೋರಿಸಿದ ಮೇಲೆ ಮಕ್ಕಳನ್ನು ಹತ್ತಿಸಿದೆ.

ಕೆಂಗೇರಿ ಮುಟ್ಟಿದಾಗ ಧಾರೆ ಮುಗಿದಿತ್ತು.

"ಈಗ ಬಂದ್ಯಾ ಅಕ್ಕಾ?" ಅಂತ ಅತ್ತೆಯ ತಮ್ಮ ಮುಖ ಊದಿಸಿಕೊಂಡ.

"ಇವಳನ್ನ ಕೇಳು," ಅಂತ ಅತ್ತೆ ನನ್ನ ಕಡೆ ಬೆರಳು ತೋರಿಸಿದರು.

ನಾನು ಮಕ್ಕಳ ಕೈ ಹಿಡಿದು ಪಂಕ್ತಿಯಲ್ಲಿ ಕೂತು ಹೊಟ್ಟೆ ತುಂಬ ಉಂಡೆ.