ಹತ್ತನೆಯ ಫಾರ್ಮು ಖಾಲಿ

ಎಳ್ಳಮಾವಾಸ್ಯೆ ಕಳೆದ ಮೂರನೆಯ ದಿನ, ಬೆಳಗಿನ ಆರೂವರೆ. ಹೊಸಪೇಟೆಯ ಅಂಚಿನಲ್ಲಿರುವ ಬಾಲಕರ ವೀಕ್ಷಣಾಲಯದ ಗೇಟಿನ ಮುಂದೆ ಗಂಗೋತ್ರಿ ಶಾಲು ಹೊದ್ದು ನಿಂತಿದ್ದಾರೆ. ಕುರೆಕುಪ್ಪದಿಂದ ಮೊದಲ ಬಸ್ಸು ಹಿಡಿದು, ರಾತ್ರಿಪಾಳಿ ಮುಗಿಸಿದವರ ನಡುವೆ ನಿಂತೇ ಬಂದವರು. ಕಾವಲುಗಾರ ಗಾಳೆಪ್ಪ ಬೀಗ ತೆಗೆಯುತ್ತ ಕೇಳುತ್ತಾರೆ:

"ನೀವೂ ಆರು ತಿಂಗಳಿನವ್ರಾ?"

"ಹೌದ್ರಿ."

"ಹಂಗಾರ ಹೆಸರು ನೆನಪಿಟ್ಕೊಳ್ಳಂಗಿಲ್ಲ ಬಿಡ್ರಿ. ನಿಮಗಿಂತ ಮೊದಲ ಮೂರು ಮಂದಿ ಬಂದು ಹೋದ್ರು."

ಬಾಲನ್ಯಾಯ ಮಂಡಳಿಯ ಮುಂದೆ ಪ್ರಕರಣ ಇರುವ ಹುಡುಗರನ್ನು ಇರಿಸುವ ಜಾಗ ಇದು. ಇಪ್ಪತ್ತೈದರ ಗಂಗೋತ್ರಿ ಮನೋವಿಜ್ಞಾನ ಓದಿ, ಕಾಲೇಜಿನ ಕಡೆಯಿಂದ ಆರು ತಿಂಗಳ ತರಬೇತಿಗೆಂದು ಬಂದಿದ್ದಾರೆ. ಹತ್ತೊಂಬತ್ತು ಹುಡುಗರು, ವಾರಕ್ಕೆ ನಾಲ್ಕು ದಿನ, ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. ಗೋಡೆಯ ಮೇಲಿನ ಸಿಬ್ಬಂದಿ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಕೂರಲು ಕೊಟ್ಟಿರುವುದು ಅಡುಗೆಮನೆ ಪಕ್ಕದ ಅಕ್ಕಿ ಕೋಣೆ. ಚೀಲಗಳಿಗೆ ಒರಗಿ ಇವರು, ಬಾಗಿಲ ಬಳಿ ಎದುರಿಗೆ ಹುಡುಗ.

ತಂದೆ ಈಶ್ವರ್ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾರೆ. ಮಗಳ ಕೆಲಸ ಏನೆಂದು ಅವರಿಗೆ ಇವತ್ತಿಗೂ ಬಗೆಹರಿದಿಲ್ಲ. "ಬರೇ ಕೇಳಾಕ ಇಷ್ಟು ಓದಬೇಕನವ್ವಾ?" ಎನ್ನುತ್ತಾರೆ. ಕೇಳಿದ್ದನ್ನು ಮನೆಯಲ್ಲೂ ಹೇಳುವಂತಿಲ್ಲ. ಸಂಜೆ ಒಂದು ಸ್ಟಾಪು ಮೊದಲೇ ಇಳಿದು, ಗಂಗೋತ್ರಿ ಒಬ್ಬರೇ ನಡೆಯುತ್ತಾರೆ. ಮನೆ ಮುಟ್ಟುವಷ್ಟರಲ್ಲಿ ಮುಖ ಸರಿಯಾಗಬೇಕಲ್ಲ.

ಒಬ್ಬ ಹುಡುಗನನ್ನು ಇಲ್ಲಿ ಮಾರುತೇಶ್ ಎನ್ನೋಣ. ನಿಜದ ಹೆಸರು ಬರೆಯಲು ಕಾನೂನು ಬಿಡುವುದಿಲ್ಲ. ಇಷ್ಟು ಬರೆಯಲು ಅವನ ಒಪ್ಪಿಗೆ ಇದೆ, ಮನೆಯವರದೂ ಇದೆ. ಮೊದಲ ದಿನ ಗಂಗೋತ್ರಿ ಫಾರ್ಮು ತೆಗೆದದ್ದೇ ತಡ, ಅವನೇ ಶುರು ಮಾಡಿದ:

"ಬರ್ಕೋರಿ ಅಕ್ಕಾರ. ವಯಸ್ಸು ಹದಿನಾರು. ಅಪ್ಪ ಇಲ್ಲ. ಅವ್ವ ಕಂಪ್ಲಿ ಕಡೆ ಗದ್ದಿ ಕೆಲಸಕ್ಕ ಹೋಗ್ತಾಳ. ನಿದ್ದಿ ಬರಂಗಿಲ್ಲ. ಸಾಯ್ಬೇಕು ಅನಿಸಿಲ್ಲ. ಮುಂದಿನ ಹಾಳಿ ತಿರುವ್ರಿ."

ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ. ಆರು ತಿಂಗಳಿಗೊಬ್ಬರು ಹೊಸಬರು. ಪ್ರತಿಯೊಬ್ಬರೂ ಮೊದಲಿನಿಂದ ಕೇಳಿ, ತಮ್ಮದೇ ಫಾರ್ಮು ತುಂಬಬೇಕೆಂಬುದು ಅವರ ಕಾಲೇಜಿನ ಪದ್ಧತಿ. ಮೊದಲಿನ ಮೂವರು ತುಂಬಿದ ಅವನ ಮೂರು ಫೈಲು ಬೀರುವಿನಲ್ಲೇ ಇದ್ದವು. ತೆರೆದು ನೋಡದೆ ತಾನೂ ನಾಲ್ಕನೆಯವಳಾಗಿ ಕೇಳಹೊರಟದ್ದು ಗಂಗೋತ್ರಿಗೆ ಚುಚ್ಚಿತು. ಪೆನ್ನು ಮುಚ್ಚಿದರು.

ಅವನ ಮುಂದಿನ ಸರದಿಯಿಂದ ಪ್ರಶ್ನೆಯಿಲ್ಲ. ಅಡುಗೆಯ ಬಸಕ್ಕನ ಹತ್ತಿರ ಮೊರ ಇಸಿದುಕೊಂಡು ಗಂಗೋತ್ರಿ, ಮಾರುತೇಶ್ ಇಬ್ಬರೂ ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದರು. ಬಸಕ್ಕ ಬಾಗಿಲಲ್ಲಿ ನಿಂತು ನಗುತ್ತಿದ್ದರು. "ಎಂಎ ಓದಿ ಅಕ್ಕಿ ಹಸನ ಮಾಡಾಕತ್ತಿ ನೋಡವ್ವಾ. ನಾನು ಓದ್ಲಾರದ ಮಾಡ್ತೀನಿ."

ಹನ್ನೊಂದನೆಯ ವಾರ ಮಾರುತೇಶ್ ಮಾತಾಡಿದ. ಏನೆಂದು ಗಂಗೋತ್ರಿ ಹೇಳುವುದಿಲ್ಲ. "ಆ ಮೂರು ಫೈಲಿನ್ಯಾಗ ಅದು ಇದ್ದಿಲ್ರಿ," ಎನ್ನುತ್ತಾರೆ, ಅಷ್ಟೇ.

ಅಂಕ ಕೊಡುವ ಕಾಲೇಜಿನ ಗೈಡ್ ಮನೋಹರ್ ಕೆಟ್ಟವರಲ್ಲ. ಆದರೂ ಒಪ್ಪಿಸಬೇಕಾದ ಹತ್ತು ಫಾರ್ಮಿನಲ್ಲಿ ಹತ್ತನೆಯದು, ಮಾರುತೇಶನದು, ಖಾಲಿ ಇದ್ದದ್ದು ಕಂಡು, "ಖಾಲಿ ಹಾಳಿಗೆ ನಂಬರ್ ಹೆಂಗ ಹಾಕ್ಲಿ, ನೀವ ಹೇಳ್ರಿ," ಎಂದರು. ಗಂಗೋತ್ರಿ ಅದರ ಬದಲು ಮುಂದೆ ಬರುವವರಿಗೆಂದು ಒಂದು ಪುಟ ಬರೆದರು. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಮಾರುತೇಶನೂ ಓದಬೇಕಲ್ಲ. ಐದನೆಯ ಸಲ ಅವನಿಂದ ಅದೇ ಮಗ್ಗಿ ಹೇಳಿಸಬಾರದು ಎಂಬುದೊಂದೇ ಅವರ ಹಟ.

ಕೊನೆಯ ವಾರ ಮಾರುತೇಶ್ ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಒಂದು ಕಡೆ ಬೆರಳು ನಿಂತಿತು.

"ಅಳ್ತಾನ ಅಂತ ಬರ್ದೀರಲ್ಲ, ಅದು ತಗೀರಿ."

ಗಂಗೋತ್ರಿ ಗೀಟು ಎಳೆದರು. ಅವನು ಪೆನ್ನು ಕೇಳಿ ಇಸಿದುಕೊಂಡು ಕೆಳಗೆ ತಾನೇ ಒಂದು ಸಾಲು ಬರೆದ: ಬಾಗಲಕಡಿ ಬೆನ್ನು ಮಾಡಿ ಕುಂದ್ರಸಬ್ಯಾಡ್ರಿ, ಹಿಂದ ಯಾರು ಬರ್ತಾರ ಗೊತ್ತಾಗಂಗಿಲ್ಲ.

ಗಂಗೋತ್ರಿ ತಲೆ ಎತ್ತಿ ನೋಡಿದರು. ಅವನು ಅವತ್ತೂ ಹಾಗೆಯೇ ಕುಳಿತಿದ್ದ, ಬಾಗಿಲಿಗೆ ಬೆನ್ನು ಕೊಟ್ಟು. ಆರು ತಿಂಗಳು ತಾವೇ ಕೂರಿಸಿದ ಜಾಗ.

"ಮೊದ್ಲ ಯಾಕ ಹೇಳ್ಲಿಲ್ಲೋ?"

"ನೀವು ಏನೂ ಕೇಳ್ತಿದ್ದಿಲ್ಲಲ್ಲ."

ಇಬ್ಬರೂ ಎದ್ದು ಜಾಗ ಬದಲಿಸಿಕೊಂಡರು. ಉಳಿದ ಅರ್ಧ ಗಂಟೆ ಅವನು ಚೀಲಕ್ಕೆ ಒರಗಿ ಕೂತ.

"ನಂಬರ್ ಹೋದ್ರ ಹೋಗ್ಲಿರಿ," ಎನ್ನುತ್ತಾರೆ ಗಂಗೋತ್ರಿ. "ಆ ಸಾಲು ನಾನು ಬರೆದದ್ದಲ್ಲ, ಅಂವ ಬರೆದದ್ದು. ಹೊಸಬ್ರು ಅದನ್ನ ಓದಿ, ಆಮ್ಯಾಲೆ ಅವನನ್ನ ಕರದ್ರ ಸಾಕು."

ಹೊಸಬರು ಯಾರೆಂದು ಇನ್ನೂ ಗೊತ್ತಾಗಿಲ್ಲ. ಪುಟ ಫೈಲಿನಲ್ಲಿ ಎಲ್ಲಕ್ಕಿಂತ ಮೇಲಿದೆ. ಮಾರುತೇಶನ ಮುಂದಿನ ವಿಚಾರಣೆ ಇನ್ನೂ ದೂರವಿದೆ. ಗಂಗೋತ್ರಿ ತರಬೇತಿ ಮುಗಿಸಿ ಹೋದದ್ದು ಆರಿದ್ರಾ ಮಳೆಯ ಮೊದಲ ವಾರ, ಜೂನ್ ಇಪ್ಪತ್ತೇಳು, ಶನಿವಾರ.