ಬಿಸಿನೀರಿಗೆ ಹಾಕಿದ ಫೋಟೋ

ನರಿಕೊಂಬಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಬೀಡಿ ಕಟ್ಟುತ್ತಾರೆ. ಅವರ ಅಕ್ಕ ಕನ್ಯಾನದಿಂದ ಬಂದಿದ್ದ ದಿನ ಇಬ್ಬರ ಒಂದು ಫೋಟೋ ತೆಗೆಯಲೇ ಎಂದು ಕೇಳಿದೆ. ಅಕ್ಕ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಬೇಡ ಮಾರಾಯ. ಮೊಬೈಲಿನಲ್ಲಿ ತೆಗೆದ್ರೆ ಊರಿಡೀ ಹೋಗ್ತದೆ. ಈ ಬೊಚ್ಚು ಬಾಯಿ ನೋಡಿ ದುಬೈಯಲ್ಲಿರುವ ಅಳಿಯನೂ ನಗ್ತಾನೆ.”

“ಇದು ಮೊಬೈಲ್ ಅಲ್ಲ, ಬೇರೆ ಥರದ ಕ್ಯಾಮೆರಾ. ತೆಗೆದ ಕೂಡಲೇ ಕಾಗದ ಹೊರಗೆ ಬರ್ತದೆ. ಒಂದೇ ಪ್ರತಿ, ಅದು ನಿಮ್ಮ ಹತ್ತಿರವೇ ಇರ್ತದೆ,” ಎಂದೆ.

ಸೆರಗು ಇಳಿಯಿತು. ಇಬ್ಬರೂ ನಕ್ಕರು.

ಬಣ್ಣ ಮೂಡಲು ಹೊತ್ತು ಬೇಕು, ನಾಳೆ ಕೊಡುತ್ತೇನೆ ಎಂದು ಫೋಟೋವನ್ನು ಮನೆಗೆ ತಂದೆ. ಅವರೇ ಇಟ್ಟುಕೋ ಎಂದಿದ್ದರೇನೋ ಎಂಬ ಅನುಮಾನವನ್ನು ಆಮೇಲೆ ನಾನೇ ಬೆಳೆಸಿಕೊಂಡೆ. ದಿನಚರಿ ತೆಗೆದು ನೋಡಿದರೆ, ಆ ದಿನ ಫೋಟೋ ಹಾಕಿದ ನೀರು ಎಷ್ಟು ಬಿಸಿಯಿತ್ತು, ಎಷ್ಟು ಹೊತ್ತು ನೆನೆಸಿದೆ ಎಂಬುದಷ್ಟೇ ಇದೆ. ಅವರ ಒಂದು ಮಾತೂ ಇಲ್ಲ.

ನಾನು ಮಾಡುವ ಕಲೆಯೇ ಅದು: ಇಂಥ ಫೋಟೋದ ಅಂಚು ಕತ್ತರಿಸಿ ಬಿಸಿನೀರಿನಲ್ಲಿಟ್ಟರೆ ಚಿತ್ರದ ತೆಳು ಪದರ ಹಾಲಿನ ಕೆನೆಯಂತೆ ಬಿಟ್ಟುಕೊಳ್ಳುತ್ತದೆ. ಅದನ್ನು ಒದ್ದೆ ಕಾಗದದ ಮೇಲೆ ಎತ್ತಿ ಬ್ರಷ್ಷಿನಿಂದ ಹರಡಬೇಕು. ಅಕ್ಕನ ಬಾಯಿಯ ಹತ್ತಿರ ಪದರ ಮಡಚಿ ಹರಿಯಿತು. ನನಗೆ ಖುಷಿಯೇ ಆಯಿತು; ಸಪಾಟಾಗಿ ಕೂತರೆ ಅದರಲ್ಲಿ ಕಲೆ ಏನು ಬಂತು ಎಂದುಕೊಂಡೆ. ಪಕ್ಕದ ಮನೆಯ ತಂಗಿ ಎರಡು ಸಲ ಫೋಟೋ ಕೇಳಿದಾಗಲೂ ನಾಳೆ ಎಂದೆ. ಅಷ್ಟರಲ್ಲಿ ಆ ಕಾಗದ ಮೂಡುಬಿದಿರೆಯ ಒಂದು ಪ್ರದರ್ಶನದ ಗೋಡೆಯಲ್ಲಿತ್ತು. ಜನ ಆ ಹರಿದ ಬಾಯಿಯ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಿದ್ದರು.

ಅದೇ ವಾರ ಅಕ್ಕ ತೀರಿಕೊಂಡರು. ತಂಗಿ ಮತ್ತೆ ಬಂದರು. “ಅಕ್ಕನ ಫೋಟೋ ಬೇರೆ ಒಂದೂ ಇಲ್ಲ, ಆಧಾರ್ ಕಾರ್ಡಿನದ್ದು ಬಿಟ್ರೆ. ಅದರಲ್ಲಿ ಅಕ್ಕನನ್ನು ಯಾರೋ ಬೈದು ಕೂರಿಸಿದ ಹಾಗೆ ಉಂಟು.”

“ಫಿಲ್ಮ್ ಹಾಳಾಗಿತ್ತು, ಚಿತ್ರ ಬರಲೇ ಇಲ್ಲ,” ಎಂದೆ.

“ಇರಲಿ ಮಗಾ, ಅದಕ್ಕೆ ನೀನೇನು ಮಾಡ್ತಿ,” ಎಂದು ನನಗೇ ಸಮಾಧಾನ ಹೇಳಿದರು.

ಪ್ರದರ್ಶನ ಮುಗಿದ ಮೇಲೆ ಕಾಗದವನ್ನು ಒಯ್ದು ಕೊಟ್ಟೆ. ಪ್ರದರ್ಶನಕ್ಕಿಟ್ಟಿದ್ದನ್ನೂ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. ಅವರು ಬೀಡಿ ಎಲೆಯ ಗೆರಸೆಯನ್ನು ತೊಡೆಯಿಂದ ಇಳಿಸಿ, ಬಾಯಿಯ ಬಳಿಯ ಸುಕ್ಕನ್ನು ಹೆಬ್ಬೆರಳಿನಿಂದ ಸರಿಮಾಡಲು ನೋಡಿದರು. ಒಣಗಿದ ಮೇಲೆ ಅದು ಸರಿಯಾಗುವಂಥದ್ದಲ್ಲ.

“ಎಷ್ಟು ಜನ ನೋಡಿದ್ರು ಇದನ್ನು?”

“ಹೆಚ್ಚೇನಿಲ್ಲ,” ಎಂದೆ.

ಅವರು ಕಾಗದವನ್ನು ಮಗುಚಿ ಪಕ್ಕಕ್ಕಿಟ್ಟು ಮತ್ತೆ ಎಲೆ ಕತ್ತರಿಸತೊಡಗಿದರು. ‘ಹೆಚ್ಚೇನಿಲ್ಲ’ ಎಂದದ್ದೂ ಸುಳ್ಳೆಂದು ತಿಳಿಸಲು ಎರಡನೆಯ ಸಲ ಅವರ ಮನೆಯ ಮೆಟ್ಟಿಲು ಹತ್ತುವುದು ಇನ್ನೂ ನನ್ನಿಂದಾಗಿಲ್ಲ.